ಬಲಗೈಯ ಎರಡು ಬೆರಳು: ಲಿಯಾನ್ ಫ್ಲೈಷರ್ ಪ್ರಕರಣ

1965ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಸೋವಿಯತ್ ಒಕ್ಕೂಟದ ಪ್ರವಾಸಕ್ಕೆ ಹೊರಡುವುದಿತ್ತು. ಜೊತೆಗೆ ಹೋಗಬೇಕಿದ್ದ ಪಿಯಾನೊ ವಾದಕ ಲಿಯಾನ್ ಫ್ಲೈಷರ್. ಹೊರಡುವ ಮುಂಚೆ ಅವರು ಅದೇ ಆರ್ಕೆಸ್ಟ್ರಾದೊಂದಿಗೆ ಮೊಜಾರ್ಟ್‌ನ ಸಿ ಮೇಜರ್ ಕಾನ್ಚೆರ್ಟೊ (ಒಂಟಿ ವಾದ್ಯಕ್ಕೂ ಆರ್ಕೆಸ್ಟ್ರಾಕ್ಕೂ ಸೇರಿಸಿ ಬರೆದ ಕೃತಿ), ಮೊಜಾರ್ಟ್ ಕೃತಿಪಟ್ಟಿಯ ಸಂಖ್ಯೆ ಕೆ. 503, ನುಡಿಸಿದರು. ಕೇಳಿದ ನಿರ್ದೇಶಕ ಜಾರ್ಜ್ ಸೆಲ್, ಈ ಸ್ಥಿತಿಯಲ್ಲಿ ನೀವು ಬರುವುದು ಬೇಡ ಎಂದುಬಿಟ್ಟರು. ಫ್ಲೈಷರ್‌ಗೆ ಆಗ 36 ವರ್ಷ. ಸೆಲ್ ಕಂಡದ್ದು ತಪ್ಪಾಗಿರಲಿಲ್ಲ. ಬಲಗೈಯ ಉಂಗುರ ಬೆರಳೂ ಕಿರುಬೆರಳೂ ಕೀಲಿಮಣೆಯ ಮೇಲೆ ಹೋದ ಕೂಡಲೇ ಅಂಗೈಯೊಳಕ್ಕೆ ಮಡಿಚಿಕೊಳ್ಳುತ್ತಿದ್ದವು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಅವರ ಎರಡು ಕೈಯ ವಾದನ ನಿಂತೇಹೋಯಿತು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೈ ಕಳೆದುಕೊಂಡವರ ಕಥೆಗಳು ಹಲವಿವೆ. ಈ ಪ್ರಕರಣ ಬೇರೆಯದೇ ರೀತಿಯದು. ಇಲ್ಲಿ ಕೈಗೆ ಏನೂ ಆಗಿರಲಿಲ್ಲ. ಮೂಳೆ ಸರಿಯಿತ್ತು, ಗೆಣ್ಣು ಸರಿಯಿತ್ತು, ನೋವೂ ಇರಲಿಲ್ಲ. ಕೆಟ್ಟದ್ದು ಮಿದುಳಿನಲ್ಲಿ ಆ ಕೈಗಿದ್ದ ನಕ್ಷೆ. ಇದು ಗೊತ್ತಾಗುವುದಕ್ಕೆ ಕಾಲು ಶತಮಾನ ಬೇಕಾಯಿತು. ಅಷ್ಟರಲ್ಲಿ ಮಾಡಿದ ಪ್ರಯತ್ನಗಳಲ್ಲಿ ಬಹುಪಾಲು ಕೈಯನ್ನು ಸರಿಮಾಡಲು ಹೊರಟಂಥವು, ಕೆಲವು ತೊಂದರೆಯನ್ನು ಇನ್ನಷ್ಟು ಗಟ್ಟಿಮಾಡಿದಂಥವು.

ಕೈ ನಿಲ್ಲುವ ಮುಂಚೆ

ಫ್ಲೈಷರ್ ಹುಟ್ಟಿದ್ದು 1928ರ ಜುಲೈ 23ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತಂದೆ ತಾಯಿ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳು. ತಂದೆ ಟೋಪಿ ತಯಾರಿಸುವವರು. ನಾಲ್ಕನೇ ವಯಸ್ಸಿಗೆ ಪಿಯಾನೊ ಪಾಠ ಶುರುವಾಯಿತು. ಒಂಬತ್ತಕ್ಕೆ ಹೆಸರಾಂತ ಪಿಯಾನೊ ವಾದಕ ಆರ್ಟುರ್ ಶ್ನಾಬೆಲ್ ಶಿಷ್ಯನಾಗಿ ಸ್ವೀಕರಿಸಿದರು. ಶ್ನಾಬೆಲ್ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿರಲಿಲ್ಲ. ಊಟಕ್ಕೆ ಬಂದಿದ್ದ ಮನೆಯಲ್ಲಿ ಊಟ ಮುಗಿಸಿ ಎದ್ದು ಬಂದಾಗ ಹುಡುಗ ಪಿಯಾನೊ ಮುಂದೆ ಕೂತಿದ್ದ, ಕೇಳದೆ ವಿಧಿಯಿರಲಿಲ್ಲ. ಕೇಳಿದ ಮೇಲೆ ಇಟಲಿಯ ಕೋಮೊ ಸರೋವರದ ದಡದ ತ್ರೆಮೆತ್ಸೊಗೆ ಕರೆಸಿಕೊಂಡರು. ಕಲಿಯುವಷ್ಟು ಕಾಲ ಸಾರ್ವಜನಿಕ ಕಛೇರಿ ಕೂಡದು ಎಂಬುದು ಅವರ ಷರತ್ತು.

ಈ ಗುರುಪರಂಪರೆಗೆ ತೂಕವಿದೆ. ಶ್ನಾಬೆಲ್ ಕಲಿತದ್ದು ಲೆಶೆಟಿಟ್ಸ್ಕಿಯ ಬಳಿ, ಲೆಶೆಟಿಟ್ಸ್ಕಿ ಚೆರ್ನಿಯ ಬಳಿ, ಚೆರ್ನಿ ಬೀಥೋವನ್ ಬಳಿ. ಶ್ನಾಬೆಲ್ ಪಾಠದಲ್ಲಿ ಸ್ವರವನ್ನು ಮೊದಲು ಮನಸ್ಸಿನಲ್ಲಿ ಕೇಳಿಕೊಳ್ಳಬೇಕಿತ್ತು, ಬೆರಳಿನ ಕೆಲಸ ಆಮೇಲೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ತೊಂದರೆ ಬಂದದ್ದು ಈ ಕ್ರಮ ತಲೆಕೆಳಗಾದಾಗ.

1944ರ ನವೆಂಬರಿನಲ್ಲಿ, 16ನೇ ವಯಸ್ಸಿನಲ್ಲಿ, ಪಿಯೆರ್ ಮೊಂತೊ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಕಾರ್ನೆಗಿ ಹಾಲ್‌ನಲ್ಲಿ ಬ್ರಾಮ್ಸ್‌ನ ಡಿ ಮೈನರ್ ಕಾನ್ಚೆರ್ಟೊ ನುಡಿಸಿದರು. 1952ರಲ್ಲಿ ಬ್ರಸೆಲ್ಸ್‌ನ ರಾಣಿ ಎಲಿಸಬೆತ್ ಸ್ಪರ್ಧೆ ಗೆದ್ದರು, ಆ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್. 1958ರಿಂದ 1962ರವರೆಗೆ ಸೆಲ್ ಮತ್ತು ಕ್ಲೀವ್‌ಲ್ಯಾಂಡ್ ಜೊತೆ ಬೀಥೋವನ್‌ನ ಐದೂ ಕಾನ್ಚೆರ್ಟೊ, ಬ್ರಾಮ್ಸ್‌ನ ಎರಡೂ ಕಾನ್ಚೆರ್ಟೊ, ಶೂಮನ್, ಗ್ರೀಗ್ ಧ್ವನಿಮುದ್ರಣವಾದವು. ಇವತ್ತಿಗೂ ಆ ಕೃತಿಗಳ ವಿಷಯ ಬಂದಾಗ ಮೊದಲು ಹೆಸರಿಸುವ ಮುದ್ರಣಗಳಲ್ಲಿ ಇವಿವೆ. ನಡುವೆ 1959ರಲ್ಲಿ ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಪಾಠ ಹೇಳಲು ಸೇರಿಕೊಂಡರು. ಆಗ ಅದು ಪಕ್ಕದ ಕೆಲಸ. ಐದೇ ವರ್ಷದಲ್ಲಿ ಅದೇ ಊರುಗೋಲಾಯಿತು.

ಬೇಡಿಕೆಯ ತುದಿಯಲ್ಲಿರುವ ಪಿಯಾನೊ ವಾದಕನ ವರ್ಷ ಹೇಗಿರುತ್ತದೆ ಎಂದು ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಕಛೇರಿಗಳು ಒಂದೂವರೆ, ಎರಡು ವರ್ಷ ಮೊದಲೇ ನಿಗದಿಯಾಗುತ್ತವೆ. ಒಂದು ಋತುವಿಗೆ ಮೂರು ನಾಲ್ಕು ಕಾನ್ಚೆರ್ಟೊ, ಏಕವ್ಯಕ್ತಿ ಕಛೇರಿಗೆ ಸುಮಾರು ಒಂದೂವರೆ ಗಂಟೆಯ ಸಾಮಗ್ರಿ ಬೆರಳಿನಲ್ಲಿರಬೇಕು, ಅದೂ ಬಾಯಿಪಾಠವಾಗಿ. ಆರ್ಕೆಸ್ಟ್ರಾ ಜೊತೆ ಸಿಗುವುದು ಸಾಮಾನ್ಯವಾಗಿ ಒಂದೆರಡು ತಾಲೀಮು. ಪಿಟೀಲಿನವರ ಹಾಗೆ ತನ್ನ ವಾದ್ಯವನ್ನು ಕೂಡ ಒಯ್ಯುವಂತಿಲ್ಲ, ಊರೂರಿನ ಸಭಾಂಗಣದಲ್ಲಿ ಇರುವ ವಾದ್ಯಕ್ಕೆ ಕೈ ಹೊಂದಿಸಿಕೊಳ್ಳಬೇಕು. ಇಂಥ ಸರಪಳಿಯಲ್ಲಿ ಕೈ ಸ್ವಲ್ಪ ಸರಿಯಿಲ್ಲ ಅನ್ನಿಸಿದರೆ ನಿಲ್ಲಿಸಿ ನೋಡುವುದಕ್ಕೆ ಜಾಗವೇ ಇರುವುದಿಲ್ಲ. ಒಂದು ಕಛೇರಿ ರದ್ದಾದರೆ ಸುದ್ದಿ, ನಾಲ್ಕು ರದ್ದಾದರೆ ಕರೆಯುವವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಫ್ಲೈಷರ್ ಮಾಡಿದ್ದೂ ಆ ವೃತ್ತಿಯಲ್ಲಿ ಎಲ್ಲರೂ ಮಾಡುವುದನ್ನೇ: ಅಭ್ಯಾಸ ಹೆಚ್ಚಿಸಿದರು. ದಿನಕ್ಕೆ ಏಳೆಂಟು ಗಂಟೆ. ಆ ಸಾಧನೆ ಸಂಗೀತದಿಂದ ದೂರವಾಗಿ ಬರೀ ಕಸರತ್ತಾಗಿತ್ತು ಎಂದು ಮುಂದೆ ಅವರೇ ಬಾರಿಬಾರಿಗೂ ಹೇಳಿದ್ದಾರೆ.

ಆ ಎರಡು ಬೆರಳಿನ ಕೆಲಸ ಏನು

ಪಿಯಾನೊದವರು ಬೆರಳುಗಳಿಗೆ ಹೆಸರಿಗಿಂತ ಅಂಕಿ ಬಳಸುತ್ತಾರೆ: ಹೆಬ್ಬೆರಳು 1, ಕಿರುಬೆರಳು 5. ಹತ್ತರಲ್ಲಿ ಎರಡು ಬೆರಳು ಹೋದರೆ ಎಂಟು ಉಳಿಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಲೆಕ್ಕ ಹಾಗಿಲ್ಲ. ಪಿಯಾನೊ ಸಾಹಿತ್ಯದಲ್ಲಿ ರಾಗದ ಎಳೆ ಹೆಚ್ಚಾಗಿ ಎಲ್ಲಕ್ಕಿಂತ ಮೇಲಿನ ಸ್ವರದಲ್ಲಿರುತ್ತದೆ. ಕೀಲಿಮಣೆಯಲ್ಲಿ ಎತ್ತರದ ಸ್ವರ ಬಲಕ್ಕಿದೆ. ಹಾಗಾಗಿ ಬಲಗೈಯಲ್ಲಿ ಹಾಡುವವರು 4 ಮತ್ತು 5, ಕೆಳಗಿನ 1, 2, 3 ತುಂಬು ಸ್ವರಗಳನ್ನು ಮೆಲ್ಲಗೆ ನುಡಿಸುತ್ತವೆ. ಶರೀರದಲ್ಲಿ ದುರ್ಬಲವಾದ ಬೆರಳುಗಳಿಗೇ ಮುಖ್ಯ ಗಾಯನ ಬಿದ್ದಿದೆ, ಗಟ್ಟಿಯಾದ ಬೆರಳುಗಳು ತಗ್ಗಿ ನಡೆಯಬೇಕು. ಪಿಯಾನೊ ತರಬೇತಿಯ ಅರ್ಧ ಆಯುಷ್ಯ ಈ ಏರುಪೇರನ್ನು ಸರಿದೂಗಿಸುವುದರಲ್ಲೇ ಕಳೆಯುತ್ತದೆ.

ಇನ್ನೊಂದು ಕೆಲಸ ಕೈ ಚಾಚುವುದು. ಒಂದು ಸ್ಥಾಯಿಯ ಏಳು ಬಿಳಿ ಕೀಗಳ ಅಗಲ ಸುಮಾರು 16.5 ಸೆಂಟಿಮೀಟರ್. ಸ್ಥಾಯಿಯ ಎರಡು ತುದಿಯ ಸ್ವರಗಳನ್ನು ಒಟ್ಟಿಗೆ ಹಿಡಿಯುವುದು 1 ಮತ್ತು 5. ಮೇಲಿನದು ಕರಿ ಕೀ ಆದರೆ ಬಹಳ ಸಲ 1 ಮತ್ತು 4. ಬೀಥೋವನ್‌ನಿಂದ ಈಚೆಗೆ ಬ್ರಾಮ್ಸ್, ಲಿಸ್ಟ್, ಚೈಕಾವ್‌ಸ್ಕಿಯವರೆಗೆ ದೊಡ್ಡ ಕಾನ್ಚೆರ್ಟೊಗಳೆಲ್ಲ ಈ ಚಾಚಿನ ಮೇಲೆ ನಿಂತಿವೆ. ಫ್ಲೈಷರ್‌ಗೆ ಹೆಸರು ತಂದ ಬ್ರಾಮ್ಸ್ ಡಿ ಮೈನರ್‌ನ ಮೊದಲ ಭಾಗದಲ್ಲಿ ಕೈ ಸ್ಥಾಯಿಯಷ್ಟು ತೆರೆದಿರುವಾಗಲೇ ಸ್ವರವನ್ನು ಅದುರಿಸಬೇಕು. 5 ಒಳಕ್ಕೆ ಮಡಿಚಿಕೊಂಡರೆ ಕೈ ತೆರೆಯುವುದೇ ಇಲ್ಲ.

ಬಲದ ಪ್ರಶ್ನೆ ಇಲ್ಲಿ ಬರುವುದಿಲ್ಲ. ಒಂದು ಕೀಯನ್ನು ಮೆಲ್ಲಗೆ ಇಳಿಸಲು ಸುಮಾರು 50 ಗ್ರಾಂ ಸಾಕು, ಅದು ಇಳಿಯುವುದು ಸುಮಾರು 10 ಮಿಲಿಮೀಟರ್. ನಾದ ಎಷ್ಟು ದೊಡ್ಡದು ಎಂಬುದು ತಂತಿಗೆ ಬಡಿಯುವ ಸುತ್ತಿಗೆಯ ವೇಗದಿಂದ ತೀರ್ಮಾನವಾಗುತ್ತದೆ. ಆ ಹತ್ತು ಮಿಲಿಮೀಟರಿನೊಳಗೆ ಬೆರಳು ಎಷ್ಟು ವೇಗದಲ್ಲಿ, ಯಾವ ಕ್ಷಣದಲ್ಲಿ ಇಳಿಯಿತು, ಅಷ್ಟೇ ಮುಖ್ಯವಾಗಿ ಯಾವ ಕ್ಷಣದಲ್ಲಿ ಎದ್ದಿತು ಎಂಬುದೇ ಕಲೆ. ಫ್ಲೈಷರ್ ಕಳೆದುಕೊಂಡದ್ದು ಏಳುವ ಭಾಗವನ್ನು. ಬೆರಳು ಇಳಿಯುತ್ತಿತ್ತು, ಬಿಡಿಸಿಕೊಳ್ಳುತ್ತಿರಲಿಲ್ಲ.

ಚಿಹ್ನೆಗಳು, ಮತ್ತು ಅವುಗಳನ್ನು ಓದಿದ ಬಗೆ

ಬಲಗೈಯಲ್ಲಿ ಮೊದಲು ಕಂಡದ್ದು ಒಂದು ಬಗೆಯ ಜಡತೆ. ತೋರುಬೆರಳು ಹೇಳಿದ ಕ್ಷಣಕ್ಕೆ ಏಳುತ್ತಿರಲಿಲ್ಲ. ಆ ಹೊತ್ತಿಗೆ ಬಲ ಹೆಬ್ಬೆರಳಿಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡಿದ್ದೂ ಉಂಟು. ಕೆಲವೇ ತಿಂಗಳಲ್ಲಿ 4 ಮತ್ತು 5 ಒಳಕ್ಕೆ ಸುರುಳಿಕೊಳ್ಳತೊಡಗಿದವು. ನುಡಿಸಿದಷ್ಟೂ ಹೆಚ್ಚಾಯಿತು.

ಇವತ್ತು ಈ ಚಿತ್ರವನ್ನು ನೋಡಿದರೆ ಅನುಭವಿ ನರವೈದ್ಯರಿಗೆ ಗುರುತು ಹತ್ತುತ್ತದೆ. ನೋವಿಲ್ಲ. ಊತವಿಲ್ಲ. ಒಂದು ನಿರ್ದಿಷ್ಟ ಕೆಲಸದಲ್ಲಿ ಮಾತ್ರ ಬರುತ್ತದೆ, ಅಂಗಿ ಗುಂಡಿ ಹಾಕುವಾಗ ಅದೇ ಬೆರಳು ಸರಿಯಾಗಿರಬಹುದು. ಒಂದೆರಡು ಬೆರಳು ಮಡಿಚಿದರೆ ಪಕ್ಕದ್ದು ಸರಿದೂಗಿಸಲು ಹೋಗಿ ಸೆಟೆದು ನಿಲ್ಲುತ್ತದೆ. ಅಭ್ಯಾಸ ಹೆಚ್ಚಿಸಿದರೆ ಕೆಡುತ್ತದೆ. ಕೆಲವರಿಗೆ ತೆಳು ರಬ್ಬರ್ ಕೈಗವಸು ಹಾಕಿಕೊಂಡು ನುಡಿಸಿದರೆ, ಅಂದರೆ ಬೆರಳ ತುದಿಗೆ ತಾಗುವ ಸ್ಪರ್ಶ ಬದಲಾದರೆ, ಆ ಗಳಿಗೆಗೆ ತೊಂದರೆ ತಗ್ಗುತ್ತದೆ. ಕೈಯಲ್ಲೇ ಕೆಡುಕಿದ್ದರೆ ಗವಸಿನಿಂದ ಏನೂ ಆಗಬೇಕಿರಲಿಲ್ಲ. ಇದರ ಹೆಸರು ಫೋಕಲ್ ಡಿಸ್ಟೋನಿಯಾ.

ಹೋಲುವ ಬೇರೆ ತೊಂದರೆಗಳಿಂದ ಇದನ್ನು ಬೇರ್ಪಡಿಸುವುದು ಮೊದಲ ಕೆಲಸ. ಸ್ನಾಯುರಜ್ಜು ಉರಿಯೂತವಾದರೆ ಒತ್ತಿದಾಗ ನೋಯುತ್ತದೆ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡರೆ, ಅಂದರೆ ಕಾರ್ಪಲ್ ಟನಲ್ ಆದರೆ, ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಜೋಮು, ಅದೂ ರಾತ್ರಿ ಹೆಚ್ಚು. ಮೊಣಕೈ ಹತ್ತಿರ ಅಲ್ನಾರ್ ನರ ಒತ್ತಿಕೊಂಡರೆ 4, 5ರಲ್ಲೇ ಜೋಮು ಹಿಡಿಯುತ್ತದೆ. ಇದನ್ನು ನರದ ವಹನ ಪರೀಕ್ಷೆ ಮಾಡಿಸಿ ಬದಿಗಿಡಲೇಬೇಕು.

1964ರಲ್ಲಿ ಈ ದಾರಿ ಇರಲಿಲ್ಲ. ಬರೆಯುವಾಗ ಮಾತ್ರ ಕೈ ಸೆಟೆದುಕೊಳ್ಳುವ ರೈಟರ್ಸ್ ಕ್ರ್ಯಾಂಪ್ ಇದೇ ಜಾತಿಯದು. ಅದನ್ನು ಆಗ ಬಹುತೇಕ ಮನಸ್ಸಿನ ಕಾಯಿಲೆ ಎಂದೇ ಎಣಿಸುತ್ತಿದ್ದರು. ಫ್ಲೈಷರ್ ಸುತ್ತಿದ ದಾರಿ ಉದ್ದವಾಗಿದೆ: ಚುಚ್ಚುಮದ್ದು, ಮನೋಚಿಕಿತ್ಸೆ, ಸಂಮೋಹನ, ಸೂಜಿ ಚಿಕಿತ್ಸೆ, ಧ್ಯಾನ. ಯಾವುದೂ ಫಲ ಕೊಡಲಿಲ್ಲ. ಮನಸ್ಸಿನ ಕಾಯಿಲೆ ಎಂಬ ಹಣೆಪಟ್ಟಿಯ ಕೇಡು ಎರಡು ಕಡೆಯದು. ಚಿಕಿತ್ಸೆ ತಪ್ಪುತ್ತದೆ, ಜೊತೆಗೆ ರೋಗಿ ತನ್ನದೇ ದೌರ್ಬಲ್ಯ ಎಂದು ನಂಬತೊಡಗುತ್ತಾನೆ. ಆ ವರ್ಷಗಳಲ್ಲಿ ಜೀವ ತೆಗೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದೆ ಎಂಬುದನ್ನು ಅವರು ಮುಂದೆ ಮುಚ್ಚಿಡಲಿಲ್ಲ. ಐದಾರು ವಯಸ್ಸಿನಿಂದ ತನ್ನನ್ನು ಪಿಯಾನೊ ವಾದಕನೆಂದಷ್ಟೇ ತಿಳಿದ ಮನುಷ್ಯನಿಗೆ ಅದು ಸಂಬಳ ನಿಂತ ಪ್ರಶ್ನೆಯಲ್ಲ, ತಾನು ಯಾರು ಎಂಬ ಪ್ರಶ್ನೆ.

1981, 1982

1981ರಲ್ಲಿ ಕಾರ್ಪಲ್ ಟನಲ್ ಎಂದು ಗುರುತಿಸಿ ಬಲ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ನಡೆಯಿತು. ಆ ಶಸ್ತ್ರಚಿಕಿತ್ಸೆಯಲ್ಲಿ ಮಣಿಕಟ್ಟಿನ ಅಡ್ಡಪಟ್ಟಿಯನ್ನು ಕೊಯ್ದು ಮೀಡಿಯನ್ ನರಕ್ಕೆ ಜಾಗ ಮಾಡಿಕೊಡುತ್ತಾರೆ. ಒತ್ತಡದ ಲಕ್ಷಣವಿದ್ದರೆ ಅದಕ್ಕೆ ಉಪಶಮನ ಸಿಗುತ್ತದೆ. ಆದರೆ 4 ಮತ್ತು 5ನ್ನು ತುದಿಯವರೆಗೆ ಮಡಿಸುವ ಆಳದ ಸ್ನಾಯು ಮುಂಗೈಯಲ್ಲಿದೆ, ಆ ಭಾಗಕ್ಕೆ ಆಜ್ಞೆ ಒಯ್ಯುವುದು ಅಲ್ನಾರ್ ನರ. ಸುರಂಗ ಸಡಿಲವಾಯಿತೆಂದು ಆ ಎರಡು ಬೆರಳು ಬಿಡಿಸಿಕೊಳ್ಳಲು ಕಾರಣವೇ ಇಲ್ಲ. ಹಾಗಿದ್ದೂ ಶಸ್ತ್ರಚಿಕಿತ್ಸೆಯ ನಂತರ ಕೈ ಸ್ವಲ್ಪ ಹಗುರಾಯಿತು, ಆಸೆ ಚಿಗುರಿತು.

1982ರ ಸೆಪ್ಟೆಂಬರ್ 16ರಂದು ಬಾಲ್ಟಿಮೋರ್‌ನ ಹೊಸ ಮೇಯರ್‌ಹಾಫ್ ಸಭಾಂಗಣದ ಉದ್ಘಾಟನೆ. ಸೆರ್ಜಿಯು ಕೊಮಿಸಿಯೋನಾ ನಿರ್ದೇಶನದಲ್ಲಿ ಬಾಲ್ಟಿಮೋರ್ ಸಿಂಫನಿ. ಎರಡು ಕೈಯಲ್ಲಿ ಫ್ಲೈಷರ್ ಮರಳುತ್ತಾರೆ ಎಂಬುದೇ ದೊಡ್ಡ ಸುದ್ದಿ. ಮೊದಲು ಯೋಚಿಸಿದ್ದು ಬೀಥೋವನ್‌ನ ನಾಲ್ಕನೇ ಕಾನ್ಚೆರ್ಟೊ. ಅದು ಅರ್ಧ ಗಂಟೆ ಮೀರುವ ಕೃತಿ, ಶುರುವಾಗುವುದೇ ಪಿಯಾನೊ ಒಂಟಿಯಾಗಿ ಮೆಲುವಾಗಿ ಹಿಡಿಯುವ ಜಿ ಮೇಜರ್ ಸ್ವರಗುಚ್ಛದಿಂದ. ಅದರ ಮೇಲಿನ ಸ್ವರ ಬಲಗೈಯ ಅಂಚಿನ ಬೆರಳಿಗೆ ಸೇರಿದ್ದು. ಅಡಗಿಕೊಳ್ಳಲು ಒಂದು ಗಳಿಗೆಯೂ ಇಲ್ಲ. ಕೊನೆಗೆ ನುಡಿಸಿದ್ದು ಸೆಸಾರ್ ಫ್ರಾಂಕ್‌ನ ಸಿಂಫೋನಿಕ್ ವೇರಿಯೇಶನ್ಸ್, ಸುಮಾರು 15 ನಿಮಿಷ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನುಡಿಸಿದವರಿಗೆ ಮಾತ್ರ ಗೊತ್ತಿತ್ತು, ಕೈ ಸರಿಯಾಗಿರಲಿಲ್ಲ. ಮತ್ತೆ ಎರಡು ಕೈಯ ವಾದನ ಬಿಟ್ಟರು.

ಇಡೀ ಪ್ರಕರಣದಲ್ಲಿ ಕ್ರಮ ತಪ್ಪಿದ್ದು ಇಲ್ಲಿ ಎಂದು ನಮ್ಮ ಅಭಿಪ್ರಾಯ. ಪುನರಾಗಮನದ ಮೊದಲ ಪರೀಕ್ಷೆ ದೇಶವೆಲ್ಲ ನೋಡುವ ವೇದಿಕೆಯ ಮೇಲೆ ಆಗಬಾರದಿತ್ತು. ಡಿಸ್ಟೋನಿಯಾಕ್ಕೆ ಆತಂಕ ತುಪ್ಪ ಸುರಿದಂತೆ. ತಿಂಗಳುಗಟ್ಟಲೆ ಕೊಠಡಿಯಲ್ಲಿ, ಆಮೇಲೆ ಪರಿಚಿತರ ಮುಂದೆ, ಆಮೇಲೆ ಸಣ್ಣ ಊರಿನಲ್ಲಿ ಎಂದು ಹತ್ತಬೇಕಾದ ಮೆಟ್ಟಿಲುಗಳಿವೆ. ಹದಿಮೂರು ವರ್ಷದ ಮೇಲೆ ನಡೆದ ಎರಡನೇ ಪುನರಾಗಮನದಲ್ಲಿ ಕೃತಿಯ ಆಯ್ಕೆಯೇ ಇದನ್ನು ತಿದ್ದಿತು.

ಕಾಕತಾಳೀಯವೆಂದರೆ ಅದೇ 1982ರಲ್ಲಿ ಶೀಹಿ ಮತ್ತು ಮಾರ್ಸ್‌ಡೆನ್ ಎಂಬ ಬ್ರಿಟನ್ನಿನ ನರವೈದ್ಯರು ರೈಟರ್ಸ್ ಕ್ರ್ಯಾಂಪ್ ಮನಸ್ಸಿನ ಕಾಯಿಲೆಯಲ್ಲ, ಫೋಕಲ್ ಡಿಸ್ಟೋನಿಯಾ ಎಂದು ಪ್ರಬಂಧ ಬರೆದರು. ಫ್ಲೈಷರ್‌ವರೆಗೆ ಆ ಅರಿವು ತಲುಪಲು ಇನ್ನೊಂದು ದಶಕ ಬೇಕಾಯಿತು.

ಮಿದುಳಿನ ನಕ್ಷೆ

ಮಿದುಳಿನ ಹೊರಪದರದಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗವಿದೆ, ಸ್ಪರ್ಶ ತಿಳಿಯುವುದಕ್ಕೆ ಒಂದು, ಚಲನೆಗೆ ಇನ್ನೊಂದು. ಅಭ್ಯಾಸದಿಂದ ಆ ಜಾಗ ಹಿಗ್ಗುತ್ತದೆ; ವಾದಕರ ಕೈಚಳಕದ ಹಿಂದಿರುವುದು ಅದೇ. ಆದರೆ ಎರಡು ಬೆರಳು ವರ್ಷಗಟ್ಟಲೆ ಅತಿ ವೇಗದಲ್ಲಿ, ಹೆಚ್ಚುಕಡಿಮೆ ಒಟ್ಟೊಟ್ಟಿಗೆ, ಒಂದೇ ತೆರನಾದ ಕೆಲಸ ಮಾಡಿದರೆ ಮಿದುಳು ಅವೆರಡನ್ನೂ ಒಂದೇ ಎಂದು ಎಣಿಸತೊಡಗಬಹುದು. ಹೊಲಗಳ ನಡುವಿನ ಬದು ಸವೆದು ಹೋದ ಹಾಗೆ. ಆಗ 4ಕ್ಕೆ ಕೊಟ್ಟ ಆಜ್ಞೆ 5ಕ್ಕೂ ಹೋಗುತ್ತದೆ. ಬೆರಳು ಮಡಿಸುವ ಸ್ನಾಯು ದುಡಿಯುವಾಗ ಬಿಡಿಸುವ ಸ್ನಾಯು ಸುಮ್ಮನಿರಬೇಕು, ಬಿಡಿಸುವಾಗ ಮಡಿಸುವುದು ಸುಮ್ಮನಿರಬೇಕು. ತಡೆಯುವ ಈ ಸಂಕೇತವೂ ದುರ್ಬಲವಾಗಿರುತ್ತದೆ. ಎರಡೂ ಒಟ್ಟಿಗೆ ಎಳೆದಾಡುತ್ತವೆ, ಬಲವಾದದ್ದು ಗೆಲ್ಲುತ್ತದೆ. ಕೈಯಲ್ಲಿ ಮಡಿಸುವ ಸ್ನಾಯುಗಳೇ ಬಲವಾದವು.

1996ರಲ್ಲಿ ನ್ಯಾನ್ಸಿ ಬಿಲ್ ಮತ್ತು ಸಂಗಡಿಗರು ಕೋತಿಗಳಿಗೆ ಕೈಮುಚ್ಚಿ ಹಿಡಿಯುವ ಒಂದೇ ಚಲನೆಯನ್ನು ಬಹುಕಾಲ ಮಾಡಿಸಿ, ಈ ನಕ್ಷೆ ಕಲಸಿಹೋಗುವುದನ್ನು ತೋರಿಸಿದರು. 1998ರಲ್ಲಿ ಎಲ್ಬರ್ಟ್ ತಂಡ ಡಿಸ್ಟೋನಿಯಾ ಇರುವ ಸಂಗೀತಗಾರರ ಮಿದುಳಿನಲ್ಲಿ ಬೆರಳುಗಳ ಜಾಗಗಳು ಒಂದಕ್ಕೊಂದು ಹತ್ತಿರ ಸರಿದಿರುವುದನ್ನು ಕಂಡಿತು. ವೃತ್ತಿಪರ ಸಂಗೀತಗಾರರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಬರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಗಂಡಸರಲ್ಲಿ ಹೆಚ್ಚು, ಮೂವತ್ತು ನಲವತ್ತರ ನಡುವೆ ಹೆಚ್ಚು, ಪಿಯಾನೊದವರಲ್ಲಿ ಬಲಗೈಗೆ, ಅದರಲ್ಲೂ 4, 5ಕ್ಕೆ ಹೆಚ್ಚು. ಫ್ಲೈಷರ್ ಈ ಚಿತ್ರಕ್ಕೆ ಗೆರೆ ಎಳೆದಂತೆ ಕೂರುತ್ತಾರೆ. 19ನೇ ಶತಮಾನದಲ್ಲಿ ರಾಬರ್ಟ್ ಶೂಮನ್ ಬಲಗೈ ಕೆಟ್ಟು ವಾದನ ಬಿಟ್ಟದ್ದಕ್ಕೂ ಇದೇ ಕಾರಣವಿರಬಹುದು ಎಂದು ಈಗಿನ ಅನೇಕ ವೈದ್ಯರು ಭಾವಿಸುತ್ತಾರೆ.

ನಮ್ಮ ಕಡೆ ವೀಣೆ, ಮೃದಂಗ, ಕೊಳಲು ನುಡಿಸುವವರಿಗೂ ಇದು ಅನ್ವಯಿಸುತ್ತದೆ. ನೋವಿಲ್ಲದೆ ಬೆರಳೊಂದು ವಾದ್ಯದ ಮೇಲೆ ಮಾತ್ರ ಮಾತು ಕೇಳದಿದ್ದರೆ, ಸಾಧನೆ ಸಾಲದೆಂದು ಗಂಟೆ ಹೆಚ್ಚಿಸುವುದು ಅತ್ಯಂತ ಅಪಾಯದ ಹೆಜ್ಜೆ. ತೋರಿಸಬೇಕಾದ್ದು ಚಲನದೋಷಗಳನ್ನು ಬಲ್ಲ ನರವೈದ್ಯರಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಪರಿಣತಿ ಇದೆ.

ಎಡಗೈ, ಬೆತ್ತ, ಪಾಠ

ರೋಗ ಗುರುತಾಗುವ ಮುಂಚಿನ ಆ ವರ್ಷಗಳಲ್ಲಿ ಫ್ಲೈಷರ್ ಸುಮ್ಮನೆ ಕೂರಲಿಲ್ಲ. ಎಡಗೈ ಒಂದರಲ್ಲೇ ನುಡಿಸಿದರು, ಆರ್ಕೆಸ್ಟ್ರಾ ನಿರ್ದೇಶಿಸಿದರು, ಪಾಠ ಹೇಳಿದರು. ಅವರ ಬದುಕನ್ನು ಉಳಿಸಿದ್ದು ಇದೇ ಎಂದು ನಮಗೆ ಖಚಿತವಾಗಿ ಅನ್ನಿಸುತ್ತದೆ.

ಎಡಗೈ ಒಂದಕ್ಕೇ ಬರೆದ ಸಂಗೀತದ ದೊಡ್ಡ ಪಾಲು ಒಬ್ಬ ಮನುಷ್ಯನಿಂದ ಬಂದದ್ದು. ವಿಯೆನ್ನಾದ ಪಿಯಾನೊ ವಾದಕ ಪೌಲ್ ವಿಟ್ಗೆನ್‌ಸ್ಟೈನ್ 1914ರಲ್ಲಿ ರಷ್ಯಾದ ಗಡಿಯ ಯುದ್ಧದಲ್ಲಿ ಬಲಗೈ ಕಳೆದುಕೊಂಡರು. ಶ್ರೀಮಂತ ಮನೆತನದವರಾಗಿದ್ದರಿಂದ ಹಣ ಕೊಟ್ಟು ಬರೆಸಿದರು: ರಾವೆಲ್, ಪ್ರೊಕೋಫಿಯೆವ್, ಬೆಂಜಮಿನ್ ಬ್ರಿಟನ್, ಕಾರ್ನ್‌ಗೋಲ್ಡ್, ಫ್ರಾನ್ಸ್ ಶ್ಮಿಟ್, ಹಿಂಡೆಮಿಟ್. ಪ್ರೊಕೋಫಿಯೆವ್‌ನ ನಾಲ್ಕನೇ ಕಾನ್ಚೆರ್ಟೊ ಅವರಿಗೆ ಹಿಡಿಸದೆ ನುಡಿಸಲೇ ಇಲ್ಲ. 1931ರಲ್ಲಿ ಮುಗಿದ ಕೃತಿ ವೇದಿಕೆ ಕಂಡದ್ದು 1956ರಲ್ಲಿ. ಅದಕ್ಕೂ ಹಿಂದಿನದು ಬಾಖ್‌ನ ಶಕೋನ್ ಎಂಬ ಪಿಟೀಲಿನ ಕೃತಿಯನ್ನು ಬ್ರಾಮ್ಸ್ ಎಡಗೈಗೆ ಅಳವಡಿಸಿದ್ದು, ಮತ್ತೆ ಸ್ಕ್ರಿಯಾಬಿನ್ ತನ್ನ ಬಲಗೈ ನೊಂದಾಗ ಬರೆದ ಎರಡು ಪುಟ್ಟ ಕೃತಿಗಳು, ಓಪಸ್ 9.

ರಾವೆಲ್‌ನ ಕಾನ್ಚೆರ್ಟೊ ಹತ್ತೊಂಬತ್ತು ನಿಮಿಷದ ಆಸುಪಾಸಿನದು, ಒಂದೇ ಓಟ. ಇಲ್ಲಿ ಕೈಯ ಗಣಿತ ತಿರುಗುತ್ತದೆ. ಎಡಗೈಯಲ್ಲಿ ಮೇಲಿನ ಸ್ವರ ಹೆಬ್ಬೆರಳಿನದು, ಹಾಗಾಗಿ ರಾಗದ ಎಳೆ ಗಟ್ಟಿ ಬೆರಳಿಗೇ ಸಿಗುತ್ತದೆ. ಬಲಗೈಯಲ್ಲಿ ಇದ್ದ ಏರುಪೇರು ಇಲ್ಲಿ ಅನುಕೂಲವಾಯಿತು. ಕಷ್ಟ ಬೇರೆ ಕಡೆ ಇದೆ. ಕೆಳಗಿನ ಸ್ವರ ಹೊಡೆದು ಕೈ ಮೇಲಕ್ಕೆ ಹಾರುವಾಗ ಆ ಸ್ವರ ಉಳಿಯಬೇಕಾದರೆ ಬಲಗಾಲಿನ ಪೆಡಲ್ ಹಿಡಿಯಬೇಕು. ಹೆಚ್ಚು ಹಿಡಿದರೆ ಎಲ್ಲ ಕಲಸುತ್ತದೆ, ಕಡಿಮೆಯಾದರೆ ತಳ ಬೀಳುತ್ತದೆ. ಎಡಗೈ ಕೀಲಿಮಣೆಯ ಬಲ ತುದಿಯವರೆಗೆ ಹೋಗಬೇಕು, ಆಗ ಬೆನ್ನು ತಿರುಚುತ್ತದೆ. ಕೂರುವ ಜಾಗವನ್ನು ಸ್ವಲ್ಪ ಬಲಕ್ಕೆ ಸರಿಸಿ, ಸುಮ್ಮನಿರುವ ಬಲಗೈಯಿಂದ ಪೀಠದ ಅಂಚು ಹಿಡಿದು ಭಾರ ಹೊಂದಿಸಬೇಕು. ಇರುವ ಒಂದೇ ಕೈಗೆ ಇಡೀ ಹೊರೆ ಬೀಳುವುದರಿಂದ ಅದೂ ಕೆಡುವ ಭಯ ಸುಳ್ಳಲ್ಲ.

ವೃತ್ತಿಯ ದೃಷ್ಟಿಯಿಂದ ಇನ್ನೊಂದು ತೊಡಕು ಇದೆ. ಎರಡು ಕೈಯವನಿಗೆ ಐವತ್ತು ಕಾನ್ಚೆರ್ಟೊ ಇದ್ದರೆ ಎಡಗೈಯವನಿಗೆ ಸಭಿಕರು ಬಯಸುವಂಥವು ಮೂರು ನಾಲ್ಕು. ಒಂದು ಆರ್ಕೆಸ್ಟ್ರಾ ರಾವೆಲ್‌ಗಾಗಿ ಈ ವರ್ಷ ಕರೆದರೆ ಮುಂದಿನ ವರ್ಷವೇ ಮತ್ತೆ ಕರೆಯುವುದಿಲ್ಲ. ಹೊಸದನ್ನು ಬರೆಸದೆ ಗತ್ಯಂತರವಿಲ್ಲ. ಫ್ಲೈಷರ್‌ಗಾಗಿ ಲ್ಯೂಕಸ್ ಫಾಸ್, ಗುಂಥರ್ ಶುಲ್ಲರ್, ಲಿಯಾನ್ ಕಿರ್ಶ್‌ನರ್ ಬರೆದರು. ವಿಲಿಯಂ ಬೋಲ್ಕಮ್ ಎರಡು ಎಡಗೈಗಳಿಗೆ ಒಂದು ಕಾನ್ಚೆರ್ಟೊ ರಚಿಸಿದರು. ಎರಡನೇ ಎಡಗೈ ಗ್ಯಾರಿ ಗ್ರಾಫ್‌ಮನ್ ಅವರದು. ಫ್ಲೈಷರ್‌ನ ಗೆಳೆಯರಾದ ಗ್ರಾಫ್‌ಮನ್ ಕೂಡ 1970ರ ದಶಕದ ಕೊನೆಗೆ ಬಲಗೈಯ ಇಂಥದ್ದೇ ತೊಂದರೆಯಿಂದ ಎರಡು ಕೈಯ ವಾದನ ನಿಲ್ಲಿಸಿದ್ದರು.

ಜೊತೆಜೊತೆಗೆ ಬೆತ್ತ ಹಿಡಿದು ಆರ್ಕೆಸ್ಟ್ರಾ ನಿರ್ದೇಶನ. 1967ರಲ್ಲಿ ವಾಷಿಂಗ್‌ಟನ್‌ನಲ್ಲಿ ಥಿಯೇಟರ್ ಚೇಂಬರ್ ಪ್ಲೇಯರ್ಸ್ ಎಂಬ ಸಣ್ಣ ತಂಡ, 1970ರಿಂದ ಅನಾಪೊಲಿಸ್ ಸಿಂಫನಿ, 1973ರಿಂದ ಬಾಲ್ಟಿಮೋರ್ ಸಿಂಫನಿಯಲ್ಲಿ ಸಹ ನಿರ್ದೇಶಕನ ಹೊಣೆ. 1986ರಿಂದ 1997ರವರೆಗೆ ಟ್ಯಾಂಗಲ್‌ವುಡ್ ಸಂಗೀತ ಕೇಂದ್ರದ ಕಲಾ ನಿರ್ದೇಶಕ.

ಎಲ್ಲಕ್ಕಿಂತ ಆಳವಾಗಿ ಬದಲಾದದ್ದು ಪಾಠ. ಮೊದಲಾದರೆ ಶಿಷ್ಯನನ್ನು ಪಕ್ಕಕ್ಕೆ ಸರಿಸಿ ಹೀಗೆ ಎಂದು ನುಡಿಸಿ ತೋರಿಸಬಹುದಿತ್ತು. ಈಗ ಅದಿಲ್ಲ, ಬಾಯಿಮಾತಿನಲ್ಲೇ ಹೇಳಬೇಕು. ಈ ಸ್ವರ ಮುಂದಿನದಕ್ಕೆ ಏಕೆ ವಾಲುತ್ತದೆ, ಈ ಮೌನ ಎಷ್ಟು ಉದ್ದ, ಲಯದ ಭಾರ ಎಲ್ಲಿ ಬೀಳುತ್ತದೆ ಎಂಬುದಕ್ಕೆಲ್ಲ ಮಾತು ಹುಡುಕಬೇಕಾಯಿತು. ನುಡಿಸಿ ತೋರಿಸಿದರೆ ಶಿಷ್ಯ ನಕಲು ಮಾಡುತ್ತಾನೆ, ಕಾರಣ ಹೇಳಿದರೆ ತಾನೇ ಕೇಳಿಸಿಕೊಳ್ಳಲು ಕಲಿಯುತ್ತಾನೆ. ತಾನು ಒಳ್ಳೆಯ ಗುರುವಾದದ್ದು ಕೈ ಹೋದ ಮೇಲೆ ಎಂದು ಫ್ಲೈಷರ್ ನಂಬಿದ್ದರು. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್ಫ್‌ಮನ್, ಜೊನಾಥನ್ ಬಿಸ್ ಅವರ ಕೊಠಡಿಯಿಂದ ಬಂದವರು. ಪೀಬಡಿಯ ನಂಟು ಅರವತ್ತು ವರ್ಷ ದಾಟಿತು.

ಮರಳಿದ್ದು, ಯಾವ ಷರತ್ತಿನ ಮೇಲೆ

1990ರ ದಶಕದ ಆರಂಭದಲ್ಲಿ ಫೋಕಲ್ ಡಿಸ್ಟೋನಿಯಾ ಎಂದು ಗುರುತಾಯಿತು. ಎರಡು ಚಿಕಿತ್ಸೆ ಜೊತೆಯಾಗಿ ಸಾಗಿದವು. ಒಂದು ರೋಲ್ಫಿಂಗ್, ಸ್ನಾಯುಗಳ ಹೊದಿಕೆಯವರೆಗೆ ಒತ್ತಿ ಸಡಿಲಿಸುವ ಆಳವಾದ ಅಂಗಮರ್ದನ. ಮೂವತ್ತು ವರ್ಷ ಸೆಟೆದು ಕೊರಡಿನಂತಾಗಿದ್ದ ತೋಳು ಇದರಿಂದ ಮೆದುವಾಯಿತು. ಇನ್ನೊಂದು ಬೊಟಾಕ್ಸ್, ಅಂದರೆ ಬೊಟುಲಿನಮ್ ವಿಷ, ಅತಿ ಸಣ್ಣ ಪ್ರಮಾಣದಲ್ಲಿ.

ಬೊಟಾಕ್ಸ್ ನರದ ತುದಿಯಲ್ಲಿ ಆಜ್ಞೆ ಒಯ್ಯುವ ರಾಸಾಯನಿಕವಾದ ಅಸಿಟೈಲ್ಕೋಲಿನ್ ಹೊರಬರುವುದನ್ನು ತಡೆಯುತ್ತದೆ, ಸ್ನಾಯುವಿಗೆ ಆಜ್ಞೆ ಮುಟ್ಟುವುದಿಲ್ಲ. ಚುಚ್ಚುವುದು ಬೆರಳಿಗಲ್ಲ, ಮುಂಗೈಯಲ್ಲಿರುವ ಮಡಿಸುವ ಸ್ನಾಯುವಿಗೆ. ಒಂದೊಂದು ಬೆರಳಿನ ಸ್ನಾಯುಭಾಗವೂ ಪಕ್ಕಪಕ್ಕದಲ್ಲಿ ಹೆಣೆದುಕೊಂಡಿರುವುದರಿಂದ, ಸ್ನಾಯುವಿನ ವಿದ್ಯುತ್ ಸದ್ದನ್ನು ಕೇಳಿಸುವ ಸೂಜಿ ಬಳಸಿ ಜಾಗ ಖಚಿತಪಡಿಸಿಕೊಂಡು ಹಾಕುತ್ತಾರೆ. ಗುರಿ ಸ್ವಲ್ಪ ತಪ್ಪಿದರೆ 3 ಸೋಲುತ್ತದೆ, ಪ್ರಮಾಣ ಹೆಚ್ಚಾದರೆ 4, 5 ಮಡಿಚುವುದು ನಿಂತರೂ ಕೀ ಒತ್ತುವ ಶಕ್ತಿ ಹೋಗುತ್ತದೆ. ಪರಿಣಾಮ ಕೆಲವು ದಿನದಿಂದ ಎರಡು ವಾರದೊಳಗೆ ಶುರುವಾಗುತ್ತದೆ, ಸುಮಾರು ಮೂರು ತಿಂಗಳಿಗೆ ಇಳಿಯುತ್ತದೆ. ಹಾಗಾಗಿ ವಾದಕನ ಕಛೇರಿ ಪಟ್ಟಿಯನ್ನೂ ಚುಚ್ಚುಮದ್ದಿನ ದಿನಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ. ಇದು ನಕ್ಷೆಯನ್ನು ತಿದ್ದುವುದಿಲ್ಲ. ಕೂಗುತ್ತಿರುವ ಸ್ನಾಯುವಿನ ದನಿ ತಗ್ಗಿಸುತ್ತದೆ, ಅಷ್ಟೆ.

ನಕ್ಷೆ ತಿದ್ದಲು ಹೊರಟ ಮರುತರಬೇತಿಯೂ ಇದೆ. ಒಂದು ಕೃತಿಯನ್ನು ಬೆರಳು ಮಡಿಚದಷ್ಟು ನಿಧಾನಕ್ಕೆ ಇಳಿಸಿ, ವಾರಗಟ್ಟಲೆ ಅಷ್ಟರಲ್ಲೇ ನಿಂತು, ಆಮೇಲೆ ವೇಗವನ್ನು ಶೇಕಡಾ 10ರಿಂದ 20ರಷ್ಟು ಮಾತ್ರ ಏರಿಸುತ್ತ ಹೋಗುವುದು. ಬೆರಳು ಮಡಿಚಿದರೆ ಮತ್ತೆ ಹಿಂದಕ್ಕೆ. ಕೆಲವರಿಗೆ ಫಲಿಸಿದೆ, ತಿಂಗಳುಗಳೇ ಹಿಡಿಯುತ್ತವೆ. ವೇಗಕ್ಕೆ ಒಗ್ಗಿದ ವಾದಕನಿಗೆ ಇದಕ್ಕಿಂತ ಕಠಿಣ ಶಿಸ್ತು ಇಲ್ಲ.

1995ರಲ್ಲಿ ಫ್ಲೈಷರ್ ಎರಡು ಕೈಯಲ್ಲಿ ಮೊಜಾರ್ಟ್‌ನ ಎ ಮೇಜರ್ ಕಾನ್ಚೆರ್ಟೊ, ಕೆ. 414, ನುಡಿಸಿದರು. ಜೊತೆಗಿದ್ದದ್ದು ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ. ಮೂವತ್ತು ವರ್ಷದ ಹಿಂದೆ ನಿಂತಲ್ಲಿಂದಲೇ, ಆದರೆ ಕೃತಿ ಬೇರೆ. ಕೆ. 503 ಅಗಲವಾದ, ಗಂಭೀರವಾದ ಕೃತಿ. 1782ರ ಕೆ. 414 ಆಪ್ತವಾದದ್ದು, ಆರ್ಕೆಸ್ಟ್ರಾ ಚಿಕ್ಕದು, ಸ್ಥಾಯಿ ಚಾಚುವ ಹೊರೆ ಕಡಿಮೆ. 1982ರಲ್ಲಿ ಇಲ್ಲದಿದ್ದ ವಿವೇಕ ಈ ಆಯ್ಕೆಯಲ್ಲಿದೆ.

2004ರಲ್ಲಿ ಬಂದ ಎರಡು ಕೈಯ ಮುದ್ರಣದಲ್ಲೂ ಅದೇ ಕಣ್ಣು ಕಾಣುತ್ತದೆ. ಬಾಖ್‌ನ ಎರಡು ಅಳವಡಿಕೆಗಳು, ಸ್ಕಾರ್ಲಾಟಿ, ಶೊಪಾನ್‌ನ ಡಿ ಫ್ಲಾಟ್ ನಾಕ್ಟರ್ನ್, ಡೆಬ್ಯುಸಿಯ ಬೆಳದಿಂಗಳ ತುಣುಕು, ಕೊನೆಗೆ ಶೂಬರ್ಟ್‌ನ ಬಿ ಫ್ಲಾಟ್ ಸೊನಾಟಾ, ಡಿ. 960. ಬೆರಳಿನ ವೇಗ ತೋರಿಸುವ ಕೃತಿ ಒಂದೂ ಇಲ್ಲ. ಶೂಬರ್ಟ್ ಒಂದೇ ನಲವತ್ತು ನಿಮಿಷ, ಅದರಲ್ಲಿ ಬೇಕಾದ್ದು ಕೇಳಿಸಿಕೊಳ್ಳುವ ತಾಳ್ಮೆ. ಹಳೆಯ ಬ್ರಾಮ್ಸ್ ಮುದ್ರಣದ ಪಕ್ಕ ಇಟ್ಟು ಕೇಳಿದರೆ ವೇಗ ಕಡಿಮೆಯಾಗಿದೆ, ಸ್ವರಗಳ ನಡುವಿನ ಜಾಗ ತುಂಬಿಕೊಂಡಿದೆ. ಇದನ್ನು ಕೈಯ ಮಿತಿ ಎಂದಷ್ಟೇ ಕೇಳಿದರೆ ಆ ಮುದ್ರಣದ ಅರ್ಧ ಕೇಳಿದಂತೆ. ಶ್ನಾಬೆಲ್ ಹೇಳಿಕೊಟ್ಟದ್ದು ಅಲ್ಲಿ ಮರಳಿ ಬಂದಿದೆ.

ಗುಣವಾಯಿತು ಎಂದು ಫ್ಲೈಷರ್ ಎಂದೂ ಹೇಳಿಕೊಳ್ಳಲಿಲ್ಲ. ಪ್ರತಿ ಸಲ ಪಿಯಾನೊ ಮುಂದೆ ಕೂತಾಗಲೂ ತೊಂದರೆ ಅಲ್ಲೇ ಇತ್ತು, ಚುಚ್ಚುಮದ್ದು ಮುಂದುವರಿಯಿತು, ಎಡಗೈ ಕೃತಿಗಳನ್ನು ಬಿಡಲೂ ಇಲ್ಲ. 2020ರ ಆಗಸ್ಟ್ 2ರಂದು ಬಾಲ್ಟಿಮೋರ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಎರಡು ಕೈಯ ಮುದ್ರಣ ಬಂದ ಅದೇ 2004ರಲ್ಲಿ ಇನ್ನೊಂದು ಘಟನೆ ನಡೆಯಿತು. ಹಿಂಡೆಮಿಟ್ 1923ರಲ್ಲಿ ವಿಟ್ಗೆನ್‌ಸ್ಟೈನ್‌ಗೆ ಬರೆದುಕೊಟ್ಟ ಕೃತಿಯನ್ನು ಅವರು ನುಡಿಸದೆ ತಮ್ಮಲ್ಲೇ ಇಟ್ಟುಕೊಂಡುಬಿಟ್ಟಿದ್ದರು. ವಿಟ್ಗೆನ್‌ಸ್ಟೈನ್ ಪತ್ನಿಯ ಮರಣಾನಂತರ, 2002ರಲ್ಲಿ, ಪೆನ್ಸಿಲ್ವೇನಿಯಾದ ತೋಟದ ಮನೆಯೊಂದರಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಬರೆದು 81 ವರ್ಷದ ಮೇಲೆ, ಡಿಸೆಂಬರಿನಲ್ಲಿ, ಸೈಮನ್ ರ್‍ಯಾಟಲ್ ನಿರ್ದೇಶನದ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಅದು ಮೊದಲ ಸಲ ಕೇಳಿಬಂತು. ನುಡಿಸಿದವರು 76ರ ಫ್ಲೈಷರ್, ಎಡಗೈಯಲ್ಲಿ.